ಆಚೆ ಸರಿದುಹೋದ ನೀರು

ಕೋಟಿಗಟ್ಟಲೆ ವರ್ಷಗಳ ಹಿಂದೆ ನೆಲದಡಿ ಎಣ್ಣೆ ಎಲ್ಲಿ ಹುಟ್ಟಿತು, ಹರಿದು ಎಲ್ಲಿ ನಿಂತಿತು ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ನೌಕರಿ. ರಜೆಗೆ ಅಕ್ಕನ ಊರು ಮೇಗುಂದಕ್ಕೆ ಹೋದಾಗ ಭಾವ ಬೋರ್‌ವೆಲ್ ಕೊರೆಸುತ್ತಿದ್ದರು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ತೋಟ ಸುತ್ತಿ ಜಾಗ ತೋರಿಸಿದ್ದು ಪಕ್ಕದೂರಿನ ಶೇಷಪ್ಪ. ಕಲ್ಲುಮಣ್ಣಿನ ಶಾಸ್ತ್ರ ಓದಿದ ನನ್ನನ್ನು ಯಾರೂ ಕೇಳಲಿಲ್ಲ.

ಸಂಜೆವರೆಗೆ ಕೊರೆದರೂ ಬಂದದ್ದು ಬರೀ ಧೂಳು. ನನಗೆ ಒಳಗೊಳಗೇ ಖುಷಿ.

“ನೀರೆಲ್ಲಿ ಮಾರಾಯ?” ಎಂದರು ಭಾವ.

ಶೇಷಪ್ಪ ಅಳುಕಲಿಲ್ಲ. “ನೀರು ಇತ್ತು ಗೌಡ್ರೆ. ನಾವು ಬರೋದ್ರೊಳಗೆ ಆಚೆ ಸರಿದುಹೋಗಿದೆ.”

ಎಲ್ಲರೂ ನಕ್ಕರು. ನನಗೆ ನಗಲಾಗಲಿಲ್ಲ. ಎಣ್ಣೆ ಸಿಗದ ಬಾವಿಯೊಂದರ ಬಗ್ಗೆ ಹಿಂದಿನ ವಾರವಷ್ಟೇ ನಾನು ಆಫೀಸಿಗೆ ಕೊಟ್ಟ ವರದಿಯಲ್ಲೂ ಇದೇ ಮಾತಿತ್ತು. ಜೊತೆಗೆ ಬಣ್ಣದ ನಕ್ಷೆಗಳಿದ್ದುದರಿಂದ ಅಲ್ಲಿ ಯಾರೂ ನಗಲಿಲ್ಲ.