ಎದುರು ಪಕ್ಷದ ಎತ್ತು

ಕಾಡುಗೋಡಿಯ ಪಿಳ್ಳಮ್ಮನಿಗೆ ಇದ್ದದ್ದು ಒಂದೇ ಎತ್ತು, ಕೆಂದ. ಪಕ್ಕದ ಮನೆಯ ದಾಸಪ್ಪನಿಗೂ ಒಂದೇ, ಬೆಳ್ಳ. ಗಂಡ ಸತ್ತಾಗಿನಿಂದ ಆಕೆ ಇವೆರಡನ್ನೂ ಜೋಡಿ ಕಟ್ಟಿಯೇ ಹೊಲ ಉಳುತ್ತಿದ್ದಳು, ಸುಗ್ಗಿಯಲ್ಲಿ ಕಣದ ಮೇಲೆ ಗುಂಡುಕಲ್ಲು ಎಳೆಸಿ ರಾಗಿ ಒಕ್ಕುತ್ತಿದ್ದಳು. ದಾಸಪ್ಪನ ರಾಗಿಯೂ ಹಾಗೇ ಮನೆ ಸೇರುತ್ತಿತ್ತು. ಬೆಳ್ಳನಂಥ ಎತ್ತು ಸೀಮೆಯಲ್ಲೇ ಇಲ್ಲವೆಂದು ಊರೆಲ್ಲ ಹೊಗಳಿಕೊಂಡು ತಿರುಗುತ್ತಿದ್ದವಳೂ ಪಿಳ್ಳಮ್ಮನೇ.

ಎಂಬತ್ತಮೂರರ ಚುನಾವಣೆ ಬಂತು ನೋಡಿ, ಎಲ್ಲ ಕೆಟ್ಟಿತು. ಪಿಳ್ಳಮ್ಮ ಹಸ್ತದ ಕಡೆ, ದಾಸಪ್ಪ ನೇಗಿಲು ಹೊತ್ತ ರೈತನ ಗುರುತಿನ ಕಡೆ. ಇಷ್ಟು ವರ್ಷ ಯಾರ ಓಟು ಯಾರಿಗೆಂದು ಕೇಳದಿದ್ದವರು ಈಗ ಬೇಲಿಯ ಆಚೆ ಈಚೆ ನಿಂತು ಕಿತ್ತಾಡಿದರು. ದಾಸಪ್ಪ ತನ್ನ ಗೋಡೆಗೆ ಗುರುತು ಬರೆಸಿದ ದಿನ ಪಿಳ್ಳಮ್ಮನಿಗೆ ಬೆಳ್ಳನಲ್ಲಿ ಇಲ್ಲದ ಐಬೆಲ್ಲ ಕಾಣಿಸಿತು. ಅದು ಮೈಗಳ್ಳ, ಅದರ ಕಣ್ಣೇ ಸರಿಯಿಲ್ಲ, ಕೆಂದನ ಪಾಲಿನ ಹುಲ್ಲನ್ನು ಕದ್ದು ತಿನ್ನುತ್ತದೆ! ಪಾಪ, ಆ ಮೂಕಪ್ರಾಣಿ ಯಾವ ಪಕ್ಷಕ್ಕೆ ಚಂದಾ ಕೊಟ್ಟಿತ್ತೋ. ಆ ಕಡೆ ದಾಸಪ್ಪನೂ ಕೆಂದನಿಗೆ ಬುದ್ಧಿ ಮಂದ ಎನ್ನುತ್ತಿದ್ದನಂತೆ.

ಓಟು ಎಣಿಸಿದರು, ದಾಸಪ್ಪನ ಕಡೆಯವನು ಗೆದ್ದ. ಮುನಿಸು ಮಾತ್ರ ಇಳಿಯಲಿಲ್ಲ. ರಾಗಿ ಇನ್ನೂ ಮೆದೆಯಲ್ಲಿ, ಮನೆಯಲ್ಲಿ ಕಾಳು ತುಂಬುವ ಗುಡಾಣ ಖಾಲಿ. ಪಿಳ್ಳಮ್ಮ ಹಟಕ್ಕೆ ಬಿದ್ದು ತನ್ನ ಪಕ್ಷದವನೇ ಆದ ಲಕ್ಷ್ಮಣಪ್ಪನ ಎತ್ತನ್ನು ತಂದು ಕಟ್ಟಿದಳು. ಅದೋ, ಕೆಂದನನ್ನು ಕಂಡದ್ದೇ ಉರಿದು ಬಿತ್ತು. ಅರ್ಧ ಸುತ್ತಿಗೇ ನೊಗ ಮುರಿಯಿತು. ಅಷ್ಟರಲ್ಲಿ ಕಾಲವಲ್ಲದ ಕಾಲದಲ್ಲಿ ಮೋಡ ಬೇರೆ ಕಟ್ಟಿಕೊಂಡಿತು. ರಾಗಿ ನೆಂದರೆ ವರ್ಷವಿಡೀ ಮುದ್ದೆಗೆ ಏನು ಗತಿ ಎಂದು ಆಕೆಗೆ ನಿಜವಾಗಿಯೂ ಅಳು ಬಂತು.

ಮರುದಿನ ಬೆಳಿಗ್ಗೆ ದಾಸಪ್ಪ ಬೆಳ್ಳನನ್ನು ಹಿಡಿದುಕೊಂಡು ಕಣಕ್ಕೆ ಬಂದ. ಹಂಗಿಸಲು ಬಂದನೆಂದೇ ಪಿಳ್ಳಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನಿಂತಳು.

ದಾಸಪ್ಪ ತಲೆ ಕೆರೆದುಕೊಂಡ. "ನಮ್ಮೋನು ಗೆದ್ದಾಯ್ತಲ್ಲಕ್ಕ, ಗುಂಡು ಎಳ್ಕೊಡಕ್ಕೆ ಬರ್ತಾನಾ? ನಂದೂ ರಾಗಿ ಅಂಗೇ ಬಿದ್ದೈತೆ."

ಪಿಳ್ಳಮ್ಮನಿಗೆ ನಗು ತಡೆಯಲಾಗಲಿಲ್ಲ. ಬೆಳ್ಳನ ಕೊರಳು ತುರಿಸಿದಳು. ಆದರೂ ಸೋತ ಹೊಟ್ಟೆಯುರಿ ಅಷ್ಟು ಸುಲಭಕ್ಕೆ ಎಲ್ಲಿ ಹೋಗುತ್ತದೆ? ಕಣದಲ್ಲಿ ಸುತ್ತುವಾಗ ಹೊರಬದಿಯ ಎತ್ತಿಗೇ ನಡಿಗೆ ಹೆಚ್ಚು. ದಾಸಪ್ಪನ ನೊಗ ತರಿಸಿ, ಅವಳು ಬೆಳ್ಳನನ್ನು ಎಳೆದು ಹೊರಬದಿಗೆ ಕಟ್ಟಿದಳು.

"ಗೆದ್ದೋರು ವಸಿ ಜಾಸ್ತಿ ನಡೀಲಿ ಕಣೋ ದಾಸ."

ದಾಸಪ್ಪ ಗುಂಡುಕಲ್ಲಿಗೆ ಹಗ್ಗ ಬಿಗಿದ.