ರಬ್ಬರ್ ಪಟ್ಟಿಗೊಂದು ಹಿಡಿ

ನಮ್ಮ ಅಡುಗೆಮನೆಯಲ್ಲಿ ಹಿಡಿ ಸಡಿಲಗೊಂಡ ಹಿತ್ತಾಳೆಯ ಸೌಟೊಂದಿದೆ. ನಾನು ಕೈಗೆತ್ತಿಕೊಂಡರೆ ಅದರ ಬಟ್ಟಲು ಮಗ್ಗುಲಿಗೆ ಹೊರಳಿ, ಸಾರು ತಟ್ಟೆಗಿಂತ ಹೆಚ್ಚಾಗಿ ನೆಲದ ಪಾಲಾಗುತ್ತದೆ. ನನ್ನ ಹೆಂಡತಿಯ ಕೈಯಲ್ಲಿ ಮಾತ್ರ ಅದು ತುಳುಕದೆ, ಚೆಲ್ಲದೆ, ತನ್ನ ಮೈಯಲ್ಲಿ ಯಾವ ದೋಷವೂ ಇಲ್ಲವೆಂಬಂತೆ ನಡೆದುಕೊಳ್ಳುತ್ತದೆ. ಬೆಸುಗೆ ಹಾಕಿಸಿಕೊಂಡು ಬರುತ್ತೇನೆಂದು ಎರಡು ಸಲ ಹೊರಟೆ; ಎರಡು ಸಲವೂ ಆಕೆ ಬೇಡವೆಂದಳು. ಹೆಬ್ಬೆರಳನ್ನು ಎಲ್ಲಿ ಊರಬೇಕೆಂಬುದು ಅವಳಿಗೆ ಗೊತ್ತು, ನನಗೆ ಗೊತ್ತಿಲ್ಲ, ವ್ಯತ್ಯಾಸ ಅಷ್ಟೇ.

ಮಿತ್ರರೇ, ನಾವು ಚಾಕುವಿನ ಅಲಗನ್ನು ಹೊಗಳುತ್ತೇವೆ, ಕೊಡಲಿಯ ಬಾಯನ್ನು ಮಸೆಯುತ್ತೇವೆ, ಲೇಖನಿಯ ಮುಳ್ಳನ್ನು ಒರೆಸಿ ಇಡುತ್ತೇವೆ. ಹಿಡಿಯನ್ನು ಯಾರೂ ನೆನೆಯುವುದಿಲ್ಲ. ಆದರೆ ಸಲಕರಣೆಯೂ ಮನುಷ್ಯನೂ ಒಬ್ಬರನ್ನೊಬ್ಬರು ಮುಟ್ಟುವ ಜಾಗ ಅದೊಂದೇ. ಒಂದು ಹಿಡಿಯನ್ನು ರೂಪಿಸಲು ಇಬ್ಬರು ಗಂಡಸರು ಒಂದು ತಿಂಗಳು ಪಟ್ಟ ಪಾಡನ್ನು ನಾನು ಹತ್ತಿರದಿಂದ ನೋಡಿದ್ದೇನೆ. ನೋಡಿದ್ದೇನೆ ಎಂದು ಬರೆಯುವಾಗ ಕೈ ಸ್ವಲ್ಪ ತಡೆಯುತ್ತದೆ. ಏಕೆಂಬುದು ಮುಂದೆ ತಿಳಿಯುತ್ತದೆ.

ಐದಾರು ವರ್ಷಗಳ ಹಿಂದಿನ ಮಾತು. ಶಿವಮೊಗ್ಗದಲ್ಲಿ ನಮ್ಮ ಪತ್ರಿಕೆಯ ಕಚೇರಿಗೆ ಹೋಗುವ ಓಣಿಯಲ್ಲಿ ಮಲ್ಲೇಶಪ್ಪನವರ ಅಚ್ಚಿನ ಅಂಗಡಿಯಿತ್ತು. ನಮ್ಮದು ಅಕ್ಷರದ ಮೊಳೆ ಜೋಡಿಸುವ ಅಚ್ಚು; ಅವರದು ರೇಷ್ಮೆಯ ಅಚ್ಚು. ಮರದ ಚೌಕಟ್ಟಿಗೆ ತೆಳುವಾದ ರೇಷ್ಮೆ ಬಿಗಿದು, ಅಕ್ಷರವಿರಬೇಕಾದ ಕಡೆ ಮಾತ್ರ ಕಣ್ಣು ಬಿಟ್ಟು ಉಳಿದದ್ದನ್ನು ಮುಚ್ಚಿ, ಮೇಲೆ ಬಣ್ಣ ಸುರಿದು, ರಬ್ಬರ್ ಪಟ್ಟಿಯಿಂದ ಒಂದೇ ಸಮನೆ ಈ ತುದಿಯಿಂದ ಆ ತುದಿಗೆ ಎಳೆಯಬೇಕು. ಬಣ್ಣ ರೇಷ್ಮೆಯೊಳಗಿಂದ ಇಳಿದು ಕೆಳಗಿನ ಬಟ್ಟೆಯ ಮೇಲೋ ತಗಡಿನ ಮೇಲೋ ಅಕ್ಷರವಾಗಿ ಕೂರುತ್ತದೆ. ಆ ರಬ್ಬರ್ ಪಟ್ಟಿ ಮತ್ತು ಅದನ್ನು ಹಿಡಿದ ಮರ, ಎರಡಕ್ಕೂ ಸೇರಿ ಸ್ಕ್ವೀಜಿ ಎಂದು ಹೆಸರು. ಪಟ್ಟಿಯನ್ನು ಮರದ ಸೀಳಿಗೆ ತೂರಿಸಿ ಮೊಳೆ ಹೊಡೆಯುತ್ತಿದ್ದರು. ಮೊಳೆ ಬಿದ್ದ ಕಡೆ ರಬ್ಬರ್ ಬಿಗಿ, ನಡುವೆ ಸಡಿಲ. ಆ ಏರುಪೇರನ್ನು ಸರಿದೂಗಿಸುವುದು ಎಳೆಯುವವನ ಕೈಯ ಹದ. ಮಲ್ಲೇಶಪ್ಪನವರ ಕೈಗೆ ಆ ಹದವಿತ್ತು. ಅವರು ಎಳೆದ ಮೊದಲನೆಯ ಹಾಳೆಗೂ ನೂರನೆಯ ಹಾಳೆಗೂ ಭೇದ ಹುಡುಕುವುದು ಕರಡು ತಿದ್ದುವ ನನ್ನ ಕಣ್ಣಿಗೂ ಆಗುತ್ತಿರಲಿಲ್ಲ.

ಆ ಕೈಗೆ ಕುತ್ತು ಬಂತು. ಬಲಗೈಯ ಕಿರುಬೆರಳೂ ಉಂಗುರ ಬೆರಳೂ ನೋವಿಲ್ಲದೆ, ಸದ್ದಿಲ್ಲದೆ, ತಿಂಗಳು ತಿಂಗಳಿಗೂ ಅಂಗೈಯೊಳಕ್ಕೆ ಮಡಚಿಕೊಳ್ಳತೊಡಗಿದವು. ದೊಡ್ಡಾಸ್ಪತ್ರೆಯ ವೈದ್ಯರು ಅಂಗೈಯೊಳಗಿನ ನರದಂಥ ಹುರಿಯೊಂದು ಬಿಗಿಯುತ್ತಿದೆ, ಕೊಯ್ದರೂ ಮತ್ತೆ ಬಿಗಿಯಬಹುದು ಎಂದರಂತೆ. ತಗಡಿನ ಬಲಮಗ್ಗುಲಲ್ಲಿ ಅಕ್ಷರಗಳು ಮಸುಕಾಗಿ ಬೀಳತೊಡಗಿದವು. ಅದೇ ಹೊತ್ತಿಗೆ ಭದ್ರಾವತಿಯ ಗುತ್ತಿಗೆದಾರರೊಬ್ಬರು ಕಾರ್ಖಾನೆಗಳಿಗೆ ಬೇಕಾದ ಎಚ್ಚರಿಕೆಯ ತಗಡುಗಳ ಕೆಲಸ ಹಿಡಿದು ಬಂದು, ಹದಿನೈದು ದಿನದಲ್ಲಿ ಐದು ಮಾದರಿ ಕೊಡಿ, ಐದೂ ಒಂದೇ ಅಚ್ಚಿನಂತಿದ್ದರೆ ಕೆಲಸ ನಿಮ್ಮದು ಎಂದು ಹೇಳಿ ಹೋಗಿದ್ದರು. ಇದು ತಪ್ಪಿದರೆ ಹೊಳೆಹೊನ್ನೂರಿನಲ್ಲಿ ಅಣ್ಣನ ಅಡಿಕೆ ಮಂಡಿಯಲ್ಲಿ ಹೋಗಿ ಕೂರುವುದೆಂದು ಮಲ್ಲೇಶಪ್ಪ ನಿಶ್ಚಯಿಸಿದ್ದರು. ಪಕ್ಕದವರು ಯಾರೋ ಆಳು ಇಟ್ಟುಕೊಳ್ಳಬಾರದೇ ಎಂದು ಕೇಳಿದಾಗ ಅವರು ನನ್ನ ಎದುರಿನಲ್ಲೇ ಅಂದ ಮಾತಿದು:

“ಹೊರಗೆ ನನ್ನ ಹೆಸರಿನ ಬೋರ್ಡು, ಒಳಗೆ ಇನ್ನೊಬ್ಬರ ಕೈ, ಅದಾಗಲ್ಲ. ನನ್ನ ಕೈಲಿ ಆಗದ ದಿನ ಬಾಗ್ಲು ಹಾಕ್ತೀನಿ.”

ಹಿಡಿಯ ಯೋಚನೆ ಆರುಮುಗಂ ಮೇಸ್ತ್ರಿಯದು. ಅವರು ಭದ್ರಾವತಿಯಲ್ಲಿ ಎರಕದ ಅಚ್ಚಿಗೆ ಬೇಕಾದ ಮರದ ಮಾದರಿಗಳನ್ನು ಕೆತ್ತುವವರು. ಹಿಂದೊಮ್ಮೆ ತಮ್ಮವರ ನಾಟಕಕ್ಕೆ ಬಟ್ಟೆಯ ಬ್ಯಾನರ್ ಮಾಡಿಸಲು ಬಂದು, ಮಲ್ಲೇಶಪ್ಪನವರ ಕೆಲಸ ನೋಡಿ ಸ್ನೇಹಿತರಾದವರು. ಅವರ ಜೇಬಿನ ಅಳತೆಪಟ್ಟಿಯ ಒಂದು ಅಡಿ ನಮ್ಮ ಅಡಿಗಿಂತ ಒಂದು ಗೀಟಿನಷ್ಟು ಉದ್ದ. ಕಾದ ಕಬ್ಬಿಣ ಆರಿದ ಮೇಲೆ ಕುಗ್ಗುತ್ತದೆ, ಆದ್ದರಿಂದ ಮಾದರಿ ಮೊದಲೇ ಅಷ್ಟು ದೊಡ್ಡದಿರಬೇಕು. ಆ ಲೆಕ್ಕವನ್ನು ಅಳತೆಪಟ್ಟಿಯೇ ಒಳಗಿಟ್ಟುಕೊಂಡಿರುತ್ತದೆ. ಮುಂದೆ ಏನು ಕುಗ್ಗಲಿದೆಯೆಂದು ಮುಂಚೆಯೇ ತಿಳಿದು ಅಳೆಯುವ ಇಂಥ ಪಟ್ಟಿ ನಮ್ಮ ಬದುಕಿಗೂ ಒಂದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನಾನೊಮ್ಮೆ ಅಂದಾಗ, ಇದ್ದರೂ ನೀವು ನೋಡುತ್ತಿರಲಿಲ್ಲ ಬಿಡಿ ಎಂದು ಅವರು ನಕ್ಕಿದ್ದರು.

ಒಂದು ಭಾನುವಾರ ಅವರು ರೈಲಿನಲ್ಲಿ ಬಂದು ಮೊದಲನೆಯ ಹಿಡಿಯನ್ನು ಮೇಜಿನ ಮೇಲಿಟ್ಟರು. ಮೊಳೆಯಿಲ್ಲ. ಎರಡು ಚಪ್ಪಟೆ ಕಬ್ಬಿಣದ ಪಟ್ಟಿಗಳ ನಡುವೆ ರಬ್ಬರ್, ಅಡ್ಡಲಾಗಿ ಐದು ಬೋಲ್ಟುಗಳು, ಮೇಲೆ ತೇಗದ ಹಿಡಿ. ಬೋಲ್ಟು ಸಡಿಲಿಸಿದರೆ ರಬ್ಬರನ್ನು ತೆಗೆದು, ಸವೆದ ಅಂಚನ್ನು ಒಳಕ್ಕೆ ಮಾಡಿ, ಹೊಸ ಅಂಚನ್ನು ಹೊರಗೆ ತರಬಹುದು. ಕಬ್ಬಿಣವೇ ರಬ್ಬರನ್ನು ಉದ್ದಕ್ಕೂ ಸಮನಾಗಿ ಹಿಡಿಯುವುದರಿಂದ ಕೈಗೆ ಹೊರೆ ಕಡಿಮೆ. ಮೂವರೂ ಸಂತೋಷಪಟ್ಟೆವು. ಆರುಮುಗಂ ಸ್ಪ್ಯಾನರ್ ತೆಗೆದು, ಕಾರ್ಖಾನೆಯಲ್ಲಿ ಉಗಿಯ ಕೊಳವೆಗಳನ್ನು ಬಿಗಿಯುವ ಹಾಗೆ, ಮೈಭಾರ ಹಾಕಿ ಐದು ಬೋಲ್ಟುಗಳನ್ನೂ ಬಿಗಿದರು. ಅವರೇ ಎಳೆದು ನೋಡಿದರೆ ತಗಡಿನ ಮೇಲೆ ಐದು ದಪ್ಪ ಪಟ್ಟೆ, ನಡುನಡುವೆ ತೆಳುವು. ಬೋಲ್ಟಿನ ಕೆಳಗೆ ಹಿಂಡಿಸಿಕೊಂಡ ರಬ್ಬರ್ ಅಲ್ಲಲ್ಲಿ ಕೆಳಕ್ಕೆ ಉಬ್ಬಿ, ಅಂಚು ಅಲೆಯಲೆಯಾಗಿತ್ತು.

“ಏನ್ ಮಾರಾಯ, ಬಾಯ್ಲರ್ ಮುಚ್ಚಿದಂಗೆ ಬಿಗಿದಿದೀಯಲ್ಲ,” ಎಂದರು ಮಲ್ಲೇಶಪ್ಪ. “ಇದು ರಬ್ಬರು. ಓಡಿಹೋಗಲ್ಲ ಅದು.”

“ಬಿಗಿ ಇಲ್ಲದ್ದು ನಮ್ ಕೈಗೆ ಬರಲ್ಲ ಅಣ್ಣಾ,” ಎಂದು ಆರುಮುಗಂ ತಲೆ ತಗ್ಗಿಸಿದರು.

ಮುಂದಿನ ವಾರ ಅವರು ತಂದ ಪರಿಹಾರವನ್ನು ನಾನು ಇಂದಿಗೂ ಮೆಚ್ಚುತ್ತೇನೆ. ಎರಡು ಕಬ್ಬಿಣದ ಪಟ್ಟಿಗಳ ನಡುವೆ, ಹಿಂಬದಿಯ ಅಂಚಿನಲ್ಲಿ, ರಬ್ಬರಿಗಿಂತ ಕೂದಲೆಳೆ ತೆಳುವಾದ ಮೂರನೆಯ ಪಟ್ಟಿಯೊಂದನ್ನು ಅವರು ಸೇರಿಸಿದ್ದರು. ಬೋಲ್ಟು ಬಿಗಿಯುತ್ತ ಹೋದಂತೆ ಕಬ್ಬಿಣ ಆ ಪಟ್ಟಿಗೆ ತಾಗಿ ನಿಲ್ಲುತ್ತದೆ. ಆಮೇಲೆ ಯಾವ ಬಲಶಾಲಿ ಎಷ್ಟೇ ತಿರುಗಿಸಿದರೂ ರಬ್ಬರಿಗೆ ಅದರ ಅರಿವಿರುವುದಿಲ್ಲ. ಸ್ಪ್ಯಾನರ್ ಬೇಡವೆಂದು ಬೆರಳಲ್ಲೇ ತಿರುಗಿಸುವ ಕಿವಿಯ ನಟ್ಟುಗಳನ್ನು ಹಾಕಿದ್ದರು. ಎಲ್ಲಿ ನಿಲ್ಲಿಸಬೇಕೆಂದು ತಿಳಿಯದವನು, ತನ್ನ ಆ ದೌರ್ಬಲ್ಯವನ್ನು ತಿಳಿದು, ನಿಲ್ಲಿಸುವ ಕೆಲಸವನ್ನು ಒಂದು ಚೂರು ಲೋಹಕ್ಕೆ ಒಪ್ಪಿಸಿದ್ದ. ನಾವು ಪತ್ರಿಕೆಯವರು ವಾಕ್ಯಗಳನ್ನು ಬಿಗಿಯುತ್ತೇವೆ. ಒಂದು ಕಡೆ ಹಿಂಡಿದ ಅರ್ಥ ಇನ್ನೊಂದು ಕಡೆ ಉಬ್ಬಿಕೊಳ್ಳುವುದನ್ನು ಮರುದಿನ ಬೆಳಗ್ಗೆ ಅಚ್ಚಾದ ಮೇಲೆ ಕಾಣುತ್ತೇವೆ. ತಂದೆತಾಯಿ ಮಕ್ಕಳನ್ನು ಬಿಗಿಯುತ್ತಾರೆ, ಗಂಡ ಹೆಂಡಿರು ಒಬ್ಬರನ್ನೊಬ್ಬರು ಬಿಗಿಯುತ್ತಾರೆ. ಹಿಡಿತಕ್ಕೂ ಹಿಂಡುವಿಕೆಗೂ ನಡುವಿನ ಆ ಕೂದಲೆಳೆಯ ಪಟ್ಟಿ ನಮ್ಮ ಯಾರ ಬಳಿಯೂ ಇಲ್ಲ.

ತೇಗದ ಹಿಡಿಗೆ ಆರುಮುಗಂ ವಾರ್ನಿಷ್ ಬಳಿದಿರಲಿಲ್ಲ. ಅದು ಅವರ ಕಸುಬಿನ ಕ್ರಮ. ಬರಿಯ ಮರವನ್ನು ಒಂದು ವಾರ ಹಾಗೆಯೇ ಬಳಸಬೇಕು. ಕೈಯ ಬೆವರೂ ಬಣ್ಣವೂ ಸೇರಿ ಬೆರಳುಗಳು ಎಲ್ಲಿ ಒತ್ತುತ್ತವೆಂದು ಮರದ ಮೇಲೆ ಗುರುತು ಮೂಡುತ್ತದೆ. ಆ ಗುರುತು ನೋಡಿ ಕೆತ್ತಿದರೆ ಹಿಡಿ ಆ ಕೈಗೆ ಹೇಳಿ ಮಾಡಿಸಿದಂತಾಗುತ್ತದೆ. ಮಲ್ಲೇಶಪ್ಪನವರ ಬಲಗೈಯಲ್ಲಿ ನೆಟ್ಟಗೆ ಉಳಿದಿದ್ದದ್ದು ಹೆಬ್ಬೆರಳೂ ಎರಡು ಬೆರಳೂ ಮಾತ್ರ. ಆ ಮೂರರ ಅಳತೆಗೆ ಕೆತ್ತುವುದೆಂದು ತೀರ್ಮಾನವಾಗಿತ್ತು.

ಆ ವಾರದಲ್ಲಿ ಮಾದರಿಗಳು ಹೊರಬಂದವು. ಐದು ತಗಡುಗಳು, ಎಡದಿಂದ ಬಲಕ್ಕೆ ಒಂದೇ ಕೆಂಪು. ಗುತ್ತಿಗೆದಾರರು ಒಪ್ಪಿದರು. ನಾನು ಸಂತೋಷದಿಂದ ಹತ್ತು ಸಾಲಿನ ಸುದ್ದಿಯೊಂದನ್ನು ಬರೆದೆ. ಕೈ ಸೋತರೂ ಕಸುಬು ಬಿಡದ ಮುದ್ರಕರು ಎಂದು ತಲೆಬರಹ ಕೊಟ್ಟೆ. ಪತ್ರಿಕೆ ತೋರಿಸಿದಾಗ ಮಲ್ಲೇಶಪ್ಪ ಅದನ್ನು ಎರಡು ಸಲ ಓದಿ, ಮಡಚಿ, ಮೇಜಿನ ಡ್ರಾಯರಿನೊಳಕ್ಕೆ ಸರಿಸಿಬಿಟ್ಟರು. ಅದು ವಿನಯವೆಂದು ತಿಳಿದೆ.

ಭಾನುವಾರ ಆರುಮುಗಂ ಬಂದು, ಹಿಡಿಯನ್ನು ಬಿಚ್ಚಿ ತೆಗೆದುಕೊಂಡು, ಬೆಳಕಿಗೆ ಹಿಡಿದು ನೋಡಿ, ಚೀಲಕ್ಕೆ ಹಾಕಿಕೊಂಡರು. ಪಾರ್ವತಮ್ಮ, ಎಂದರೆ ಮಲ್ಲೇಶಪ್ಪನವರ ಹೆಂಡತಿ, ಅಂಗಡಿಯ ಹಿಂದೆಯೇ ಇದ್ದ ಮನೆಯ ಪರದೆಯ ಆಚೆಯಿಂದ ಕಾಫಿ ಕಳಿಸಿದರು. ನಾನು ಆರುಮುಗಂ ಅವರೊಡನೆ ಸ್ಟೇಷನ್ನಿನವರೆಗೆ ನಡೆದೆ. ದಾರಿಯಲ್ಲಿ ಅವರು ಹಿಡಿಯನ್ನು ತೆಗೆದು ನನ್ನ ಕೈಗೆ ಕೊಟ್ಟರು.

ಎಡಕ್ಕೆ ನಾಲ್ಕು ಬೆರಳಿನ ಗುರುತು. ಬಲಕ್ಕೂ ನಾಲ್ಕು. ಎಂಟೂ ಸಣ್ಣವು, ಒತ್ತೊತ್ತಾಗಿದ್ದವು.

ನಾನು ತಿಂಗಳುಗಟ್ಟಲೆ ದಿನವೂ ಹೋಗುತ್ತಿದ್ದ ಮನೆ ಅದು. ಈಚಿನ ದಿನಗಳಲ್ಲಿ ನಾನು ಒಳಗೆ ಕಾಲಿಟ್ಟಾಗಲೆಲ್ಲ ಮಲ್ಲೇಶಪ್ಪ ಸ್ಕ್ವೀಜಿ ಹಿಡಿದು ಮೇಜಿನ ಪಕ್ಕ ನಿಂತಿರುತ್ತಿದ್ದರು. ನಾನು ಕೂತಿರುವಷ್ಟು ಹೊತ್ತೂ ಕೆಲಸ ನಿಂತಿರುತ್ತಿತ್ತು. ಬಂದವನಿಗೆ ತೋರುವ ಮರ್ಯಾದೆಯೆಂದು ನಾನು ಎಣಿಸಿದ್ದೆ. ಪಾರ್ವತಮ್ಮ ಗಾಜಿನ ಬಳೆಗಳನ್ನು ಮೊಣಕೈಯತ್ತ ಸರಿಸಿ ಬಟ್ಟೆಯ ಚೂರಿನಿಂದ ಕಟ್ಟಿಕೊಂಡಿದ್ದನ್ನು ಎಷ್ಟೋ ಸಲ ಕಂಡಿದ್ದೆ. ಕೈ ಸುಟ್ಟಿರಬೇಕು ಎಂದುಕೊಂಡು ಸುಮ್ಮನಾಗಿದ್ದೆ. ಮುತ್ತೈದೆ ಬಳೆ ತೆಗೆಯುವಂತಿಲ್ಲ, ಎಳೆಯುವಾಗ ಬಳೆ ಚೌಕಟ್ಟಿಗೆ ತಾಗುವಂತೆಯೂ ಇಲ್ಲ. ಆ ಎರಡರ ನಡುವೆ ಆಕೆ ಕಂಡುಕೊಂಡ ದಾರಿ ಅದು. ಕಂಡದ್ದನ್ನು ಮಾತ್ರ ಬರೆಯಬೇಕೆಂಬ ಶಿಸ್ತು ನಮಗಿದೆ. ಕಂಡದ್ದು ಏನೆಂದು ಕೇಳಿಕೊಳ್ಳಬೇಕೆಂಬ ಶಿಸ್ತನ್ನು ಯಾರೂ ಕಲಿಸಿರಲಿಲ್ಲ. ಆ ಹತ್ತು ಸಾಲು ಇಂದಿಗೂ ನಮ್ಮ ಕಡತದಲ್ಲಿ ತಪ್ಪಾಗಿಯೇ ಕೂತಿದೆ.

ನೋಡಿಯೂ ನೋಡದವರಂತೆ ಇದ್ದುಬಿಡೋಣ, ಮೂರು ಬೆರಳಿಗೇ ಕೆತ್ತಿಬಿಡಿ ಎಂದು ಆರುಮುಗಂಗೆ ಹೇಳಿದೆ. ಗೊತ್ತಾಯಿತೆಂದು ತಿಳಿದರೆ ಮಲ್ಲೇಶಪ್ಪ ಆಡಿದ ಮಾತಿನಂತೆ ಬಾಗಿಲು ಹಾಕಿಬಿಡುತ್ತಾರೆಂಬುದು ನನ್ನ ಭಯ.

ಅವರು ಹಿಡಿಯನ್ನು ನನ್ನ ಕೈಯಿಂದ ಹಿಂದಕ್ಕೆ ತೆಗೆದುಕೊಂಡರು. “ಸಾರ್, ಈ ಹಿಡಿ ಅಕ್ಕನ ಕೈಗೆ ದಪ್ಪ ಆಯ್ತು. ಬೊಬ್ಬೆ ಎದ್ದಿರ್ತದೆ ಕೈಲಿ. ನಾವು ನೋಡ್ದಂಗೆ ಇದ್ರೆ ಅಣ್ಣನ ಮರ್ಯಾದೆ ಉಳೀತದೆ, ಸರಿ. ಆ ಕೈ?”



ಮರುವಾರ ಅವರು ಬೆರಳಿಗೆ ಹಳ್ಳ ಕೆತ್ತಿದ ಹಿಡಿಯನ್ನು ತಂದು, ಕಬ್ಬಿಣಕ್ಕೆ ಜೋಡಿಸಿ, ಮಲ್ಲೇಶಪ್ಪನವರ ಎದುರಿಗಿಟ್ಟರು. ಅವರು ಎತ್ತಿಕೊಂಡರು. ಎಡಗೈ ಆ ಹಳ್ಳಗಳಲ್ಲಿ ಕೂರಲಿಲ್ಲ. ಬಲಗೈಯಂತೂ ಕೂರುವ ಮಾತೇ ಇರಲಿಲ್ಲ. ಒಮ್ಮೆ ತಿರುಗಿಸಿ ಹಿಡಿದು ನೋಡಿದರು. ಆಮೇಲೆ ಹೆಬ್ಬೆರಳಿನಿಂದ ಆ ಸಣ್ಣ ಹಳ್ಳಗಳನ್ನು ಒಂದೊಂದಾಗಿ ಸವರಿದರು.  ಎದ್ದು ಹೋಗಿ ಬಾಗಿಲು ಹಾಕಿಬಿಡುತ್ತಾರೆಂದೇ ನಾನು ತಿಳಿದೆ.

“ಯಾರ ಕೈಗೆ ಮಾಡಿದೀಯ ಇದನ್ನ?”

“ಮರದ ಮೇಲೆ ಯಾರ ಕೈ ಇತ್ತೋ ಅವರಿಗೆ ಅಣ್ಣಾ. ನಂದು ತಪ್ಪಾಗಿದ್ರೆ ಹೇಳಿ, ಬೇರೆ ಮಾಡ್ಕೊಡ್ತೀನಿ.”

 ಮಲ್ಲೇಶಪ್ಪ ಪರದೆಯ ಕಡೆ ತಿರುಗಿ, “ಪಾರ್ವತೀ, ಬಾ ಇಲ್ಲಿ,” ಎಂದರು.

ಪಾರ್ವತಮ್ಮ ಪರದೆಯ ಬಳಿ ಬಂದು ನಿಂತರು. ಗಂಡ ಮುಂದಕ್ಕೆ ಚಾಚಿದ್ದ ಹಿಡಿಯನ್ನು ನೋಡಿ, “ಇವರ ಮುಂದೆ ಬೇಡ ರೀ,” ಎಂದರು, ಕೇಳಿಸಿತೋ ಇಲ್ಲವೋ ಎಂಬಷ್ಟು ಮೆಲ್ಲಗೆ.

“ಇವರಿಗೆ ಗೊತ್ತಾಗಿದೆ. ಇನ್ನು ಯಾರ ಮುಂದೆ ಬೇಡ?”

ಆಕೆ ಮುಂದೆ ಬಂದರು. ಬಳೆಗಳನ್ನು ಮೇಲಕ್ಕೆ ಸರಿಸಿದರು. ಬಟ್ಟೆಯ ಚೂರನ್ನು ಒಂದೇ ಕೈಯಲ್ಲಿ ಕಟ್ಟಿಕೊಳ್ಳಲಾಗದೆ ತಡವರಿಸಿದಾಗ ಮಲ್ಲೇಶಪ್ಪ ಎಡಗೈಯಿಂದಲೂ ಹಲ್ಲಿನಿಂದಲೂ ಗಂಟು ಬಿಗಿದರು. ಇಬ್ಬರಿಗೂ ಅದು ರೂಢಿಯಾಗಿತ್ತೆಂದು ನೋಡಿದರೇ ತಿಳಿಯುತ್ತಿತ್ತು. ಬಣ್ಣ ಸುರಿದರು. ಆಕೆ ಎಳೆದರು. ಒಂದೇ ಸದ್ದು, ರೇಷ್ಮೆಯ ಉದ್ದನೆಯ ಉಸಿರಿನಂಥದು. ಹಿಂದೆ, ಕೈ ಸರಿಯಿದ್ದ ಕಾಲದಲ್ಲಿ, ಮಲ್ಲೇಶಪ್ಪನವರು ಎಳೆಯುತ್ತಿದ್ದಾಗ ಕೇಳುತ್ತಿದ್ದದ್ದೇ. ಅವರು ಚೌಕಟ್ಟನ್ನು ಎತ್ತಿ, ತಗಡನ್ನು ಬೆಳಕಿಗೆ ಹಿಡಿದು, ಬಲಮಗ್ಗುಲಿನ ಕೊನೆಯ ಅಕ್ಷರವನ್ನು ಬಹಳ ಹೊತ್ತು ನೋಡಿದರು. ಅದರಲ್ಲಿ ಮಸುಕಿರಲಿಲ್ಲ. ಸಂತೋಷವೆಂದು ನಾನು ಬರೆಯಲಾರೆ. ಇಪ್ಪತ್ತು ವರ್ಷ ತನ್ನದಾಗಿದ್ದ ಕೆಲಸವೊಂದು ತನ್ನ ಕೈಯಿಂದ ಹೊರಗೆ, ತಾನಿಲ್ಲದೆಯೂ ಚೆನ್ನಾಗಿ ನಡೆಯುವುದನ್ನು ನೋಡುತ್ತಿದ್ದ ಮುಖ ಅದು.

ಅಂಗಡಿಗೆ ಅವರು ಬಾಗಿಲು ಹಾಕಲಿಲ್ಲ, ಹೊಳೆಹೊನ್ನೂರಿಗೂ ಹೋಗಲಿಲ್ಲ. ಹತ್ತು ಹನ್ನೆರಡು ದಿನಗಳ ಮೇಲೆ ಗುತ್ತಿಗೆದಾರರು ಬಂದಾಗ ನಾನು ಅಲ್ಲೇ ಕೂತಿದ್ದೆ. ಪರದೆ ಒಂದು ಮಗ್ಗುಲಿಗೆ ಸರಿದಿತ್ತು. ಮೇಜಿನ ಬಳಿ ಪಾರ್ವತಮ್ಮ ಎಳೆಯುತ್ತಿದ್ದರು. ಬಂದವರು ಅತ್ತ ಒಮ್ಮೆ ನೋಡಿ, ಮಲ್ಲೇಶಪ್ಪನವರ ಕಡೆ ತಿರುಗಿ, ಉಳಿದ ತಗಡುಗಳನ್ನು ಯಾವತ್ತಿಗೆ ಕೊಡುತ್ತೀರಿ ಎಂದು ಕೇಳಿದರು.

ಮಲ್ಲೇಶಪ್ಪ ಒಣಗಲು ಇಟ್ಟ ತಗಡುಗಳನ್ನು ಎಡಗೈಯಲ್ಲಿ ಸರಿಪಡಿಸುತ್ತಿದ್ದರು. ತಲೆ ಎತ್ತದೆಯೇ ಹೇಳಿದರು:

“ನಾನು ಹೇಳಕ್ಕಾಗಲ್ಲ ಸ್ವಾಮಿ. ಎಳೆಯೋರು ಅವರು. ಅವರನ್ನ ಕೇಳಿ.”