ಬೀಗರ ನಡುವೆ ಚಾಡಿ ಹೇಳಿದ್ದು

“ಅಂಕಲ್, ಆ ಎರಡೂ ದೂರು ಬರೆದೋರು ನೀವೇನಾ? ಬೀಗರ ಮಧ್ಯೆ ಸಖತ್ತಾಗಿ ಬೆಂಕಿ ಹಚ್ಚಿದ್ರಿ ಬಿಡಿ!”

ಜಯನಗರದಲ್ಲಿ ಯಾರು ಬೇಕಾದರೂ ತಿದ್ದಿ ಹಂಚಬಹುದಾದ ಮುಕ್ತ ತಂತ್ರಾಂಶದ ಗೆಳೆಯರು ಸೇರಿದ್ದರು. ನನ್ನ ಹೆಸರು ಕೇಳಿದ ಕೂಡಲೇ ಚೈತ್ರಾ ಎಂಬ ಯುವತಿ ನಗುತ್ತಾ ಹೀಗೆಂದಾಗ ನನ್ನ ಮುಖ ಸಪ್ಪಗಾಯಿತು.

ನನ್ನ ಕಂಪ್ಯೂಟರಿನಲ್ಲಿ ಅರ್ಕಾವೊತ್ತು ಮಾಯವಾಗಿ ‘ಸೂರ್ಯ’ ಎಂಬುದು ‘ಸೂಯ’ ಆಗುತ್ತಿತ್ತು. ಅಕ್ಷರ ಮೂಡಿಸುವ ತಂತ್ರಾಂಶವನ್ನು ಬರೆಯುವವರು ಒಂದು ತಂಡ. ಅದನ್ನು ಉಳಿದವುಗಳ ಜೊತೆ ಕಟ್ಟಿ ನಮಗೆ ಹಂಚುವವರು ಇನ್ನೊಂದು ತಂಡ; ಹೆಣ್ಣು ಕೊಟ್ಟ ಬೀಗರು, ತಂದುಕೊಂಡ ಬೀಗರು ಇದ್ದ ಹಾಗೆ. ಬೇಗ ಸರಿಹೋಗಲೆಂದು ಎರಡೂ ಕಡೆ ದೂರು ಬರೆದೆ. ‘ತಪ್ಪು ನಿಮ್ಮದೇ ಅಂತ ಅವರು ಹೇಳುತ್ತಿದ್ದಾರೆ’ ಎಂದು ಇಬ್ಬರಿಗೂ ಒಂದು ಸಾಲು ಸೇರಿಸಿದೆ. ಯಾರೂ ಹಾಗೆ ಹೇಳಿರಲಿಲ್ಲ. ಅವರು ವಾದಕ್ಕಿಳಿದರು, ದುರಸ್ತಿ ನಿಂತೇಹೋಯಿತು. ನನ್ನಂತೆ ಕನ್ನಡ ಬರೆಯುವವರೆಲ್ಲ ಅರ್ಕಾವೊತ್ತಿಲ್ಲದೆ ಕಾಯಬೇಕಾಯಿತು. ಹಂಚುವ ತಂಡದ ಚೈತ್ರಾ ಎರಡೂ ಕಡೆಯವರಿಗೆ ಸಮಾಧಾನ ಹೇಳಿ ಸುಸ್ತಾಗಿದ್ದಳು.

“ತಪ್ಪಾಯ್ತಮ್ಮ, ಸುಳ್ಳು ಬರೆದೆ” ಎಂದೆ.

“ಅದನ್ನೇ ಎರಡೂ ಕಡೆ ಬರೀರಿ ಅಂಕಲ್. ಅಲ್ಲಿಯ ದೂರಿನ ಲಿಂಕ್ ಇಲ್ಲಿ ಹಾಕಿ, ಇಲ್ಲೀದು ಅಲ್ಲಿ. ಬೀಗರು ನೇರವಾಗಿ ಮಾತಾಡ್ಕೊಳ್ಲಿ, ನೀವು ಉಪ್ಪಿಟ್ಟು ತಿನ್ನಿ.”

ಅಲ್ಲೇ ಕೂತು ತಪ್ಪೊಪ್ಪಿಕೊಂಡು ಬರೆದೆ. ಆಮೇಲೆ ಎರಡೂ ತಂಡದವರು ಸೇರಿ ತಪ್ಪು ಹುಡುಕಿ ತಿದ್ದಿದರು, ಅರ್ಕಾವೊತ್ತು ಮರಳಿತು.

ಈಗ ಮಗ ಸೊಸೆಯ ಮೇಲೋ, ಸೊಸೆ ಮಗನ ಮೇಲೋ ದೂರು ತಂದರೆ ಇಬ್ಬರನ್ನೂ ಎದುರುಬದುರು ಕೂರಿಸಿ ನಾನು ವಾಕಿಂಗ್ ಹೋಗಿಬಿಡುತ್ತೇನೆ. “ನೀವು ಹೀಗಾದ್ಮೇಲೆ ಮನೇಲಿ ಸುದ್ದೀನೇ ಇಲ್ಲ” ಎಂಬುದು ನನ್ನ ಹೆಂಡತಿಯ ದೂರು.